ಕಾರ್ಡ್ ಹೊಸದು, ಓಟ ಹಳೆಯದು

ದುಡ್ಡು ಕೂಡಿಟ್ಟು ತರಿಸಿದ ಗ್ರಾಫಿಕ್ಸ್ ಕಾರ್ಡ್ ಕೊನೆಗೂ ಕೈಸೇರುತ್ತದೆ. ಕ್ಯಾಬಿನೆಟ್ ಬಿಚ್ಚಿ, ಸ್ಲಾಟಿಗೆ ಕೂರಿಸಿ, ಸ್ಕ್ರೂ ಬಿಗಿದು, ಡ್ರೈವರ್ ಹಾಕಿ ಗೇಮ್ ತೆರೆದರೆ ಹಿಂದೆ ಎಷ್ಟು ತಡವರಿಸುತ್ತಿತ್ತೋ ಈಗಲೂ ಅಷ್ಟೇ ತಡವರಿಕೆ. ಕೆಲವರ ಪಾಲಿಗೆ ಹಿಂದಿಗಿಂತಲೂ ಕಡೆ. ಯೂಟ್ಯೂಬಿನಲ್ಲಿ ಅದೇ ಕಾರ್ಡ್ ಸೆಕೆಂಡಿಗೆ ನೂರು ಫ್ರೇಮ್ ಕೊಡುತ್ತಿದ್ದರೆ ಇಲ್ಲಿ ನಲವತ್ತು ದಾಟುವುದಿಲ್ಲ. ‘ಡೂಪ್ಲಿಕೇಟ್ ಮಾಲು ದಾಟಿಸಿದ್ದಾರೆ’ ಎಂಬ ಅನುಮಾನ ಹುಟ್ಟುವುದು ಆಗಲೇ. ಅನುಮಾನ ಸಹಜವೇ. ಆದರೆ ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಕಾರ್ಡ್ ಸರಿಯಾಗಿಯೇ ಇರುತ್ತದೆ. ಅದು ಬೇರೆ ಯಾವುದಕ್ಕೋ ಕಾಯುತ್ತ ಕೂತಿರುತ್ತದೆ. ಪ್ರೊಸೆಸರಿಗೆ, ಮೆಮೊರಿಗೆ, ಕರೆಂಟಿಗೆ, ತಂಪು ಗಾಳಿಗೆ, ಕೆಲವೊಮ್ಮೆ ಬರೀ ಒಂದು ಕೇಬಲಿಗೆ. ಯಾವುದಕ್ಕೆ ಕಾಯುತ್ತಿದೆ ಎಂಬುದನ್ನು ಊಹಿಸುತ್ತ ಕೂರಬೇಕಿಲ್ಲ. ಅಳೆದು ನೋಡುವ ಸಾಧನಗಳು ಎಲ್ಲರ ಕಂಪ್ಯೂಟರಿನಲ್ಲೂ ಇವೆ, ಇಲ್ಲವೇ ಪುಕ್ಕಟೆ ಸಿಗುತ್ತವೆ.

ಇದು ಬರೀ ಗೇಮ್ ಆಡುವ ಹುಡುಗರ ತಾಪತ್ರಯವಲ್ಲ. ಉಡುಪಿಯಿಂದ ಹೆಬ್ರಿ ಕಡೆ ಹೋಗುವ ದಾರಿಯಲ್ಲಿರುವ ಪೆರ್ಡೂರನ್ನೇ ನೋಡಿ: ಅದು ಅನಂತಪದ್ಮನಾಭ ದೇವಸ್ಥಾನಕ್ಕೆ, ಅದೇ ದೇವರ ಹೆಸರಿನ ಬಡಗುತಿಟ್ಟಿನ ಡೇರೆ ಮೇಳಕ್ಕೆ ಹೆಸರಾದ ಊರು. ಈ ಭಾಗದಲ್ಲಿ ಇರುಳಿಡೀ ನಡೆಯುವ ಯಕ್ಷಗಾನ, ಕೋಲ, ಮಿಯಾರಿನ ಕಂಬಳ, ಮದುವೆ, ಗೃಹಪ್ರವೇಶ ಎಲ್ಲವೂ ಈಗ ಫೋರ್‌ಕೆ ವಿಡಿಯೊ ಆಗಿ ಯಾರದೋ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಅದನ್ನು ಕತ್ತರಿಸಿ ಜೋಡಿಸುವವರಿಗೆ ಗ್ರಾಫಿಕ್ಸ್ ಕಾರ್ಡ್ ಎಂದರೆ ಹೊಟ್ಟೆಪಾಡಿನ ಹತ್ಯಾರು. ಮಣಿಪಾಲದಲ್ಲಿ 1957ರಿಂದ ಇರುವ ಎಂಐಟಿ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು, ಇಂಥ ಕಡೆಗಳ ವಿದ್ಯಾರ್ಥಿಗಳಿಗೆ ಮಶಿನ್ ಲರ್ನಿಂಗ್ ಪ್ರಾಜೆಕ್ಟ್ ಓಡಿಸಲು ಅದೇ ಬೇಕು. ಗೇಮ್ ಆಡುವುದಷ್ಟೇ ಅಲ್ಲ, ಗೇಮ್ ಕಟ್ಟುವ ಕೆಲಸವೂ ಇಲ್ಲಿದೆ: 2013ರಲ್ಲಿ ‘ಧೂಮ್ 3’ ಚಿತ್ರದ ಗೇಮ್, ಮರುವರ್ಷ ‘ಸ್ಟಾರ್ ಶೆಫ್’ ಹೊರತಂದ 99ಗೇಮ್ಸ್ ಉಡುಪಿಯ ಕಂಪನಿ. ಇಲ್ಲಿಯವರು ಕಾರ್ಡನ್ನು ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ತರಿಸುವುದು ಸಾಮಾನ್ಯ. ವಾಪಸ್ ಕಳಿಸುವುದು ಎಂದರೆ ಕೊರಿಯರ್, ಕಾಯುವಿಕೆ, ಕೈತಪ್ಪುವ ಕೆಲಸ. ಆದ್ದರಿಂದಲೇ ಪ್ಯಾಕ್ ಮಾಡುವ ಮುನ್ನ ಒಂದು ಸಂಜೆಯನ್ನು ತಪಾಸಣೆಗೆ ಕೊಡುವುದು ಲಾಭದ ವ್ಯವಹಾರ.

ತಪಾಸಣೆ ಕ್ಯಾಬಿನೆಟ್ಟಿನ ಬೆನ್ನಿನಿಂದ ಶುರುವಾಗಲಿ. ಹಿಂದುಗಡೆ ಮೇಲ್ಭಾಗದಲ್ಲಿ, ಯುಎಸ್‌ಬಿ ಮತ್ತು ಆಡಿಯೊ ಜಾಕುಗಳ ನೆರೆಯಲ್ಲಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ, ಅಡ್ಡ ಪಟ್ಟಿಯಲ್ಲಿ ಸಾಲಾಗಿರುವ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟುಗಳು ಕಾರ್ಡಿನವು. ಮಾನಿಟರಿನ ಕೇಬಲ್ ಮೇಲಿನದಕ್ಕೇ ಹೋಗಿದ್ದರೆ ತೆರೆಯ ಮೇಲಿನ ಚಿತ್ರವನ್ನು ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಭಾಗ ಬಿಡಿಸುತ್ತಿರುತ್ತದೆ. ಸಾವಿರಾರು ರೂಪಾಯಿಯ ಕಾರ್ಡ್ ಪಕ್ಕದಲ್ಲಿ ತೆಪ್ಪಗಿರುತ್ತದೆ. ಎಷ್ಟೋ ದೂರುಗಳು ಇಲ್ಲಿಗೇ ಮುಗಿದುಬಿಡುತ್ತವೆ.

ಈ ಎಡವಟ್ಟಿನ ಹಿಂದೆ ಅಜಾಗರೂಕತೆಗಿಂತ ಹಳೆಯ ಮಾನಿಟರಿನ ಪಾಲು ದೊಡ್ಡದು. ನೀಲಿ ತಲೆಯ, ಎರಡು ಬದಿ ಸ್ಕ್ರೂ ಇರುವ ವಿಜಿಎ ಕೇಬಲಿನ ಮಾನಿಟರುಗಳು ಇನ್ನೂ ಬಹಳಷ್ಟು ಮನೆಗಳಲ್ಲಿ ಗಟ್ಟಿಮುಟ್ಟಾಗಿವೆ. ಎನ್‌ವಿಡಿಯಾ 2016ರ ಜಿಟಿಎಕ್ಸ್ 10 ಸರಣಿಯಿಂದ ಅನಲಾಗ್ ಸಿಗ್ನಲ್ ಕೊಡುವುದನ್ನೇ ನಿಲ್ಲಿಸಿತು. ಹೊಸ ಕಾರ್ಡಿನಲ್ಲಿ ಆ ತಲೆ ಕೂರುವ ಜಾಗವಿಲ್ಲ. ಮದರ್‌ಬೋರ್ಡಿನಲ್ಲಿ ಮಾತ್ರ ಇದೆ. ಕೂರಿಸುವವರು ಕೂರುವ ಕಡೆ ಕೂರಿಸುತ್ತಾರೆ, ಚಿತ್ರ ಬರುತ್ತದೆ, ಕೆಲಸ ಆಯಿತೆಂದು ಮುಚ್ಚಳ ಮುಚ್ಚುತ್ತಾರೆ. ಪರಿಹಾರ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಸಣ್ಣ ಕನ್ವರ್ಟರ್, ಅಥವಾ ಮನಸ್ಸು ಮಾಡಿದರೆ ಮಾನಿಟರನ್ನೇ ಬದಲಾಯಿಸುವುದು. ಎರಡನೆಯದು ಮೇಲು. 60 ಹರ್ಟ್ಸ್‌ನ ಮಾನಿಟರ್ ಸೆಕೆಂಡಿಗೆ ಅರವತ್ತೇ ಚಿತ್ರ ತೋರಿಸುತ್ತದೆ. ಕಾರ್ಡ್ ಎಷ್ಟೇ ಬಿಡಿಸಿದರೂ ಕಣ್ಣಿಗೆ ಕಾಣುವುದು ಅಷ್ಟೇ. ಇನ್ನು 144 ಹರ್ಟ್ಸ್‌ನ ಮಾನಿಟರ್ ಕೊಂಡವರೂ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಆ ಸಂಖ್ಯೆಯನ್ನು ತಾವೇ ಆರಿಸಬೇಕು. ಆರಿಸದಿದ್ದರೆ ಎಷ್ಟೋ ಸಲ ಅದು 60ರಲ್ಲೇ ನಿಂತಿರುತ್ತದೆ. ಗೇಮಿನೊಳಗೆ ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಅಥವಾ ಫ್ರೇಮ್ ಮಿತಿ ಚಾಲೂ ಇದ್ದರೂ ಫಲಿತಾಂಶ ಅದೇ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮುಗಳ ಸಂಖ್ಯೆ, ಅಲುಗಾಡದೆ 60ರಲ್ಲಿ, ಇಲ್ಲವೇ 30ರಲ್ಲಿ ನಿಂತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇವನ್ನೇ. ನಿಜವಾದ ನಿಧಾನ ಹಾಗೆ ಒಂದೇ ಅಂಕಿಯ ಮೇಲೆ ಕೂರುವುದಿಲ್ಲ, ಏರಿಳಿಯುತ್ತದೆ.

ಕೇಬಲ್ ಸರಿಯಿದೆ ಎಂದಾದ ಮೇಲೆ ಅಳತೆಯ ಕೆಲಸ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ 2017ರ ಕೊನೆಯಿಂದ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪು, ಎಷ್ಟು ದುಡಿಯುತ್ತಿದೆ ಎಂಬುದನ್ನು ತೋರಿಸುತ್ತಿದೆ. ಇನ್ನೂ ಒಳಗಿನ ವಿವರಕ್ಕೆ ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಗೇಮ್ ಆಡುವಾಗಲೇ ತೆರೆಯ ಮೂಲೆಯಲ್ಲಿ ಅಂಕಿಗಳನ್ನು ನೋಡಬೇಕೆಂದರೆ ಆಫ್ಟರ್‌ಬರ್ನರ್ ಎಂಬ ಇನ್ನೊಂದು ತಂತ್ರಾಂಶ ಇದೆ. ನೋಡಬೇಕಾದ್ದು ನಾಲ್ಕು ಸಂಗತಿ: ಕಾರ್ಡ್ ಶೇಕಡಾ ಎಷ್ಟು ದುಡಿಯುತ್ತಿದೆ, ಎಷ್ಟು ವ್ಯಾಟ್ ಎಳೆಯುತ್ತಿದೆ, ಎಷ್ಟು ಬಿಸಿಯಾಗಿದೆ, ಅದರ ಕ್ಲಾಕ್ ವೇಗ ಎಷ್ಟು. ದುಡಿಮೆ ಶೇಕಡಾ 95ರ ಮೇಲಿದ್ದು, ವ್ಯಾಟ್ ಕಂಪನಿ ಹೇಳಿದ ಅಂಕಿಯ ಹತ್ತಿರವಿದ್ದರೆ ಕಾರ್ಡ್ ತನ್ನ ಶಕ್ತಿಮೀರಿ ಓಡುತ್ತಿದೆ ಎಂದರ್ಥ. ಆಗ ಗೇಮಿನ ಸೆಟ್ಟಿಂಗ್ ಇಳಿಸುವುದೊಂದೇ ಹಾದಿ. ಉದಾಹರಣೆಗೆ, 115 ವ್ಯಾಟಿನ ಆರ್‌ಟಿಎಕ್ಸ್ 4060 ಭಾರೀ ಗೇಮ್ ನಡೆಯುವಾಗ 50 ವ್ಯಾಟಿನಲ್ಲಿ, ಶೇಕಡಾ 45ರ ದುಡಿಮೆಯಲ್ಲಿ ನಿಂತಿದೆಯೆಂದರೆ ಅದಕ್ಕೆ ಕೆಲಸವೇ ಬರುತ್ತಿಲ್ಲ.

ಕೆಲಸ ಕೊಡಬೇಕಾದ್ದು ಪ್ರೊಸೆಸರ್. ಪೆರ್ಡೂರು ಮೇಳದ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಭಾಗವತರು ಪದ ಎತ್ತದೆ ವೇಷಧಾರಿ ಎಷ್ಟೇ ಗಟ್ಟಿಗನಾದರೂ ಕುಣಿಯುವಂತಿಲ್ಲ. ಪ್ರತಿ ಫ್ರೇಮಿನಲ್ಲೂ ಯಾವ ಪಾತ್ರ ಎಲ್ಲಿ ನಿಂತಿದೆ, ಗುಂಡು ಎಲ್ಲಿ ತಗುಲಿತು, ಏನೇನು ಬಿಡಿಸಬೇಕು ಎಂಬ ಲೆಕ್ಕವನ್ನು ಪ್ರೊಸೆಸರ್ ಮುಗಿಸಿ ಆದೇಶ ಕೊಟ್ಟ ಮೇಲೆಯೇ ಕಾರ್ಡ್ ಕೈಹಚ್ಚುತ್ತದೆ. ಏಳೆಂಟು ವರ್ಷ ಹಳೆಯ ನಾಲ್ಕು ಕೋರಿನ ಪ್ರೊಸೆಸರಿಗೆ ಈ ವರ್ಷದ ಕಾರ್ಡ್ ಜೋಡಿಸಿದರೆ ಕಾರ್ಡ್ ಕಾಯುತ್ತಲೇ ಇರುತ್ತದೆ. ಖಚಿತಪಡಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. ಗೇಮಿನ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಬೇಕು. ಎಫ್‌ಪಿಎಸ್ ಜಿಗಿದರೆ ಭಾರ ಕಾರ್ಡಿನ ಮೇಲಿತ್ತು. ಅಲುಗಾಡದಿದ್ದರೆ ತಡೆ ಪ್ರೊಸೆಸರಿನಲ್ಲಿದೆ. ಇಲ್ಲೊಂದು ಎಚ್ಚರ: ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬರೀ ಶೇಕಡಾ 40 ತೋರಿಸಿತೆಂದು ಅದಕ್ಕೆ ಖುಲಾಸೆ ಕೊಡಬಾರದು. ಅದು ಎಲ್ಲ ಕೋರುಗಳ ಸರಾಸರಿ. ಗೇಮಿನ ಮುಖ್ಯ ಲೆಕ್ಕ ನಡೆಯುವ ಒಂದು ಕೋರ್ ನೂರಕ್ಕೆ ಮುಟ್ಟಿ ಉಸಿರುಗಟ್ಟುತ್ತಿದ್ದರೂ ಸರಾಸರಿ ಆರಾಮಾಗಿ ಕಾಣಿಸುತ್ತದೆ.

ಈ ಮಾತಿಗೆ ಇತ್ತೀಚಿನ ದೊಡ್ಡ ನಿದರ್ಶನ ಇಂಟೆಲ್‌ನ ಆರ್ಕ್ ಬಿ580. 2024ರ ಡಿಸೆಂಬರಿನಲ್ಲಿ 12 ಜಿಬಿ ಮೆಮೊರಿಯೊಂದಿಗೆ 249 ಡಾಲರಿಗೆ ಬಂದ ಈ ಕಾರ್ಡನ್ನು ವಿಮರ್ಶಕರು ಮನಸಾರೆ ಹೊಗಳಿದರು. ವಿಮರ್ಶೆ ನಡೆದದ್ದು ಅತಿವೇಗದ ಹೊಸ ಪ್ರೊಸೆಸರುಗಳ ಮೇಲೆ. ಒಂದೇ ತಿಂಗಳೊಳಗೆ, 2025ರ ಜನವರಿಯಲ್ಲಿ, ಹಳೆಯ ಅಗ್ಗದ ಪ್ರೊಸೆಸರುಗಳ ಜತೆ ಅದು ಬಹಳ ಕೆಳಗಿಳಿಯುತ್ತದೆಂಬುದು ಪರೀಕ್ಷೆಗಳಲ್ಲಿ ಗೊತ್ತಾಯಿತು. ಅದರ ಡ್ರೈವರ್ ಪ್ರೊಸೆಸರಿನಿಂದ ಹೆಚ್ಚು ದುಡಿಮೆ ಬೇಡುತ್ತಿತ್ತು. ಅಗ್ಗದ ಕಾರ್ಡ್ ಕೊಳ್ಳುವವರ ಬಳಿ ಇರುವುದೇ ಹಳೆಯ ಪ್ರೊಸೆಸರ್! ವಿಮರ್ಶೆ ಓದುವಾಗ ಕಾರ್ಡಿನ ಅಂಕಿಗಿಂತ ಮೊದಲು ಯಾವ ಪ್ರೊಸೆಸರಿನ ಮೇಲೆ ಅಳೆದರು ಎಂಬುದನ್ನು ನೋಡಬೇಕಾದ್ದು ಇದಕ್ಕೇ. ಇಂಟೆಲ್ ಆರ್ಕ್ ಕೊಂಡವರು ಇನ್ನೊಂದನ್ನೂ ಗಮನಿಸಬೇಕು. 2022ರ ಎ750, ಎ770 ಕಾಲದಿಂದಲೂ ಈ ಕಾರ್ಡುಗಳಿಗೆ ಮದರ್‌ಬೋರ್ಡಿನ ಬಯಾಸ್‌ನಲ್ಲಿ ‘ರಿಸೈಜಬಲ್ ಬಾರ್’ ಎಂಬ ಆಯ್ಕೆ ಚಾಲೂ ಇರಲೇಬೇಕು. ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಚಿಕ್ಕ ಕಿಂಡಿಯ ಬದಲು ಒಟ್ಟಿಗೇ ಮುಟ್ಟಲು ಬಿಡುವ ವ್ಯವಸ್ಥೆ ಅದು. ಎನ್‌ವಿಡಿಯಾ, ಎಎಂಡಿ ಕಾರ್ಡುಗಳಿಗೆ ಅದಿಲ್ಲದಿದ್ದರೆ ನಷ್ಟ ಅಲ್ಪ. ಆರ್ಕ್‌ಗೆ ದೊಡ್ಡ ಹೊಡೆತ.

ಪ್ರೊಸೆಸರ್ ಪರವಾಗಿಲ್ಲ ಎನ್ನುವಂಥದ್ದಾದರೂ ಅದಕ್ಕೆ ಮಾಹಿತಿ ಒದಗಿಸುವ ರ‍್ಯಾಮ್ ಕಾಲೆಳೆಯಬಹುದು. ಕಚೇರಿಗಳು ಮಾರಿದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್‌ಗೆ ಕಾರ್ಡ್ ಹಾಕಿಸುವುದು ಈಗ ಚಾಲ್ತಿಯಲ್ಲಿರುವ ಅಗ್ಗದ ಹಾದಿ. ಅಂಥವುಗಳಲ್ಲಿ ಬಹುಮಟ್ಟಿಗೆ ಒಂದೇ ರ‍್ಯಾಮ್ ಕಡ್ಡಿ ಇರುತ್ತದೆ. ಒಂದೇ ಕಡ್ಡಿಯೆಂದರೆ ಒಂದೇ ಚಾನೆಲ್, ಅಂದರೆ ಮಾಹಿತಿ ಸಾಗುವ ದಾರಿ ಅರ್ಧ. ಹದಿನಾರು ಜಿಬಿಯ ಒಂದರ ಬದಲು ಎಂಟೆಂಟರ ಎರಡು ಕಡ್ಡಿಗಳನ್ನು ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ ಆ ದಾರಿ ಇಮ್ಮಡಿಯಾಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು. 3200 ಎಂದು ಬರೆದಿರುವ ರ‍್ಯಾಮ್ ಕೂಡ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆ ಆನ್ ಮಾಡುವ ತನಕ 2133 ಅಥವಾ 2400ರಲ್ಲೇ ತೆವಳುತ್ತಿರುವುದು ಅಪರೂಪವಲ್ಲ.

ಇನ್ನು ಸ್ಲಾಟು. ಮದರ್‌ಬೋರ್ಡಿನಲ್ಲಿ ಉದ್ದದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳು ಎರಡಿರಬಹುದು. ನೋಡಲು ಎರಡೂ ಒಂದೇ. ಆದರೆ ಮೇಲಿನದರಲ್ಲಿ ಹದಿನಾರು ಲೇನ್ ನೇರ ಪ್ರೊಸೆಸರಿಗೆ ಹೋಗುತ್ತವೆ, ಕೆಳಗಿನದರಲ್ಲಿ ಹೆಚ್ಚಾಗಿ ನಾಲ್ಕೇ, ಅದೂ ಚಿಪ್‌ಸೆಟ್ ಬಳಸಿಕೊಂಡು. ಫ್ಯಾನಿಗೆ ಜಾಗ ಸಿಗಲೆಂದು ಕಾರ್ಡನ್ನು ಕೆಳಗೆ ಕೂರಿಸಿದವರು ತಿಳಿಯದೆ ದಾರಿಯನ್ನು ಕಾಲುಭಾಗಕ್ಕೆ ಇಳಿಸಿರುತ್ತಾರೆ. ಮೂರನೆಯ ಪೀಳಿಗೆಯ ಒಂದು ಲೇನಿನಲ್ಲಿ ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿದರೆ ನಾಲ್ಕನೆಯದರಲ್ಲಿ ಸುಮಾರು 2 ಜಿಬಿ. ಈ ಲೆಕ್ಕ ಗೊತ್ತಿದ್ದರೆ 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಯ ಕತೆ ಅರ್ಥವಾಗುತ್ತದೆ. ಆ ಕಾರ್ಡಿನಲ್ಲೇ ಇರುವುದು ನಾಲ್ಕು ಲೇನ್, ಮೆಮೊರಿ 4 ಜಿಬಿ. ಹೊಸ ಬೋರ್ಡಿನಲ್ಲಿ ಅದಕ್ಕೆ 8 ಜಿಬಿಯ ದಾರಿ ಸಿಕ್ಕರೆ ಹಳೆಯ ಬೋರ್ಡಿನಲ್ಲಿ ಸಿಗುವುದು ನಾಲ್ಕೇ. ಕಾರ್ಡಿನ ಸ್ವಂತ ಮೆಮೊರಿ ತುಂಬಿದ ಕೂಡಲೇ ಬಾಕಿ ಮಾಹಿತಿಗಾಗಿ ಈ ಇಕ್ಕಟ್ಟಿನಲ್ಲಿ ರ‍್ಯಾಮಿನ ತನಕ ಓಡಬೇಕು. ಹಳೆಯ ಕಂಪ್ಯೂಟರಿಗೆ ಅಗ್ಗದ ಕಾರ್ಡ್ ಹುಡುಕುವವರನ್ನೇ ಅದು ಹೆಚ್ಚು ಸತಾಯಿಸಿತು. ಕೊಳ್ಳುವವರ ಸ್ಥಿತಿಗತಿ ಯೋಚಿಸದೆ ಮಾಡಿದ ವಿನ್ಯಾಸ ಅದು ಎನ್ನದೆ ವಿಧಿಯಿಲ್ಲ.

ಎಷ್ಟು ಲೇನ್ ಸಿಕ್ಕಿದೆ ಎಂಬುದನ್ನು ಜಿಪಿಯು-ಝಡ್‌ನ ‘ಬಸ್ ಇಂಟರ್‌ಫೇಸ್’ ಸಾಲು ಹೇಳುತ್ತದೆ. ಕಾರ್ಡ್ ಸುಮ್ಮನಿದ್ದಾಗ ಅಲ್ಲಿ 1.1 ಎಂದು ಕಂಡರೆ ಗಾಬರಿ ಬೇಡ. ಕರೆಂಟ್ ಉಳಿಸಲು ಅದು ತಾನೇ ವೇಗ ತಗ್ಗಿಸಿಕೊಂಡಿರುತ್ತದೆ. ಆ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಸಣ್ಣದೊಂದು ಪರೀಕ್ಷೆ ಓಡಿಸಿದಾಗ ಬರುವ ಅಂಕಿಯೇ ದಿಟ. ಹದಿನಾರು ಲೇನಿನ ಕಾರ್ಡ್ ಮೇಲಿನ ಸ್ಲಾಟಿನಲ್ಲೇ ಇದ್ದೂ ನಾಲ್ಕೋ ಒಂದೋ ತೋರಿಸಿದರೆ ಸರಿಯಾಗಿ ಕೂತಿಲ್ಲ. ಪವರ್ ಆಫ್ ಮಾಡಿ, ತೆಗೆದು, ಚಿನ್ನದ ಬಣ್ಣದ ಹಲ್ಲುಗಳ ಮೇಲೆ ದೂಳೋ ಬೆರಳಿನ ಎಣ್ಣೆಯೋ ಇದೆಯೇ ನೋಡಿ, ಬೀಗ ‘ಟಕ್’ ಎನ್ನುವ ತನಕ ಒತ್ತಿ ಕೂರಿಸಿದರೆ ಸರಿಹೋಗುವುದುಂಟು. ಇಲ್ಲೂ ಒಂದು ತಿಳಿವಳಿಕೆ ಬೇಕು: ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600ರಂಥವು ಹುಟ್ಟಿನಿಂದಲೇ ಎಂಟು ಲೇನಿನವು. ಅವುಗಳಲ್ಲಿ ಎಂಟು ಕಂಡರೆ ಅದು ದೋಷವಲ್ಲ.

ಕರೆಂಟಿನ ವಿಷಯಕ್ಕೆ ಬಂದರೆ ಕರಾವಳಿಯವರಿಗೆ ಅನುಭವ ಹೇರಳ. ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ಲೈನ್ ಹೋಗುವುದು, ವೋಲ್ಟೇಜ್ ಕುಸಿಯುವುದು, ಗುಡುಗಿಗೆ ಎಲ್ಲವನ್ನೂ ಪ್ಲಗ್ಗಿನಿಂದ ಕಿತ್ತಿಡುವುದು ಇಲ್ಲಿ ನಿತ್ಯದ ಮಾತು. ಆದರೂ ಗ್ರಾಫಿಕ್ಸ್ ಕಾರ್ಡಿನ ಮಟ್ಟಿಗೆ ಒಂದು ವ್ಯತ್ಯಾಸ ನೆನಪಿಡಬೇಕು. ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಸಾಲದಾದಾಗ ಕಂಪ್ಯೂಟರ್ ಸಾಮಾನ್ಯವಾಗಿ ನಿಧಾನವಾಗುವುದಿಲ್ಲ. ಗೇಮಿನ ನಡುವೆ ತೆರೆ ಕಪ್ಪಾಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ. ಹಾಗಾಗುತ್ತಿದ್ದರೆ ಡ್ರೈವರ್ ಹಿಂದೆ ಬೀಳುವುದು ಬಿಟ್ಟು ಎಸ್‌ಎಂಪಿಎಸ್ ನೋಡಬೇಕು. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಬರಬೇಕು: ಆರು ಪಿನ್ನಿನದು 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್. ಹಳೆಯ ಹಾರ್ಡ್‌ಡಿಸ್ಕ್ ಕನೆಕ್ಟರಿನಿಂದ ಅಡಾಪ್ಟರ್ ಹಾಕಿ ಎಂಟು ಪಿನ್ ಮಾಡಿಕೊಳ್ಳುವ ಪದ್ಧತಿ ಅಪಾಯಕಾರಿ. ಅಷ್ಟು ತೆಳು ವೈರು ಅಷ್ಟು ಕರೆಂಟಿಗೆಂದು ಮಾಡಿದ್ದಲ್ಲ. ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯೇ ಎಂಬುದೂ ಸಣ್ಣ ಸಂಗತಿಯಲ್ಲ. 2022ರ ಅಕ್ಟೋಬರಿನಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಬಂದ ಕೆಲವೇ ದಿನಗಳಲ್ಲಿ ಹೊಸ ನಮೂನೆಯ ಹದಿನಾರು ಪಿನ್ ಕನೆಕ್ಟರುಗಳು ಕರಗಿದ ಚಿತ್ರಗಳು ಹೊರಬಂದವು. ಪೂರ್ತಿ ಒಳಸೇರದ ಪ್ಲಗ್ ಮುಖ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. ಆಮೇಲೆ ಕನೆಕ್ಟರಿನ ವಿನ್ಯಾಸವನ್ನೇ ತಿದ್ದಲಾಯಿತು.

ಯುಪಿಎಸ್ ಕೂಡ ಲೆಕ್ಕಕ್ಕೆ ಬರಬೇಕು. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು ಸುಮಾರು 360 ವ್ಯಾಟ್. 200 ವ್ಯಾಟಿನ ಕಾರ್ಡ್, ಅದರ ಮೇಲೆ ಪ್ರೊಸೆಸರ್, ಮಾನಿಟರ್ ಸೇರಿದರೆ ಆ ಮಿತಿಯ ಬಾಗಿಲಿಗೇ ಬಂದಂತೆ. ಕರೆಂಟ್ ಹೋದ ಕ್ಷಣ ಯುಪಿಎಸ್ ಕೂಗಿ ತಾನೂ ಆಫ್ ಆಗುತ್ತದೆ, ಎಡಿಟಿಂಗ್ ಪ್ರಾಜೆಕ್ಟ್ ಸೇವ್ ಆಗದೆ ಹೋಗುತ್ತದೆ. ಕಾರ್ಡಿಗೆ ಬಜೆಟ್ ಹಾಕುವಾಗ ಎಸ್‌ಎಂಪಿಎಸ್, ಯುಪಿಎಸ್ ಎರಡನ್ನೂ ಸೇರಿಸಿಕೊಳ್ಳುವುದು ಜಾಣತನ.

ಶುರುವಿನ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿದರೆ ಬಿಸಿಯದೇ ಕೈವಾಡ. ಮಾರ್ಚಿನಿಂದ ಮೇ ತನಕ ಇಲ್ಲಿಯ ಸೆಕೆ ಎಂಥದ್ದೆಂದು ಬೇರೆ ಹೇಳಬೇಕೆ? ಕೋಣೆಯ ಗಾಳಿಯೇ 33, 34 ಡಿಗ್ರಿ ಇರುವಾಗ, ಮರದ ಕಂಪ್ಯೂಟರ್ ಟೇಬಲಿನ ಕೆಳಗೂಡಿನಲ್ಲಿ ಮೂರು ಕಡೆ ಮುಚ್ಚಿಟ್ಟ ಕ್ಯಾಬಿನೆಟ್ಟಿನೊಳಗೆ ಕಾರ್ಡ್ ತಾನು ಉಗುಳಿದ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕಾರ್ಡುಗಳು ಒಂದು ಮಟ್ಟ ದಾಟಿದ ಕೂಡಲೇ ತಮ್ಮನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಎನ್‌ವಿಡಿಯಾದ ಬಹಳಷ್ಟು ಕಾರ್ಡುಗಳಲ್ಲಿ ಈ ಹಿಂಜರಿಕೆ 83 ಡಿಗ್ರಿಯ ಆಸುಪಾಸಿನಲ್ಲೇ ಶುರು. ಜಿಪಿಯು-ಝಡ್‌ನ ಸೆನ್ಸರ್ ಪುಟದಲ್ಲಿ ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿದೆ. ವೇಗವನ್ನು ಯಾವುದು ತಡೆಯುತ್ತಿದೆ ಎಂದು ಕಾರ್ಡ್ ತಾನೇ ಹೇಳಿಕೊಳ್ಳುವ ಜಾಗ ಅದು. ಅಲ್ಲಿ ಉಷ್ಣತೆಯ ಸಂಕೇತ ಕಂಡರೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ತಿರುಗಿಸಿ ಮತ್ತೆ ಆಡಿ ನೋಡಬೇಕು. ಎಫ್‌ಪಿಎಸ್ ಚೇತರಿಸಿಕೊಂಡರೆ ಬೇಕಾದ್ದು ಗಾಳಿ: ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ. ಜಂಬಿಟ್ಟಿಗೆಯ ಕೆಂಪು ದೂಳು ಫಿಲ್ಟರಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಕಾಪುವಿನಂಥ ಕಡಲ ಬದಿಯ ಊರಿನಲ್ಲಿ ಉಪ್ಪುಗಾಳಿಯೂ ಸೇರಿಕೊಂಡು ಲೋಹದ ಭಾಗಗಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಇಷ್ಟೆಲ್ಲ ಯಂತ್ರದ ಮಾತಾಯಿತು. ತಂತ್ರಾಂಶದಲ್ಲಿ ಹಳೆಯ ಡ್ರೈವರಿನ ಅವಶೇಷ ಮೊದಲ ಆರೋಪಿ. ಎಎಂಡಿಯಿಂದ ಎನ್‌ವಿಡಿಯಾಗೋ ಅಲ್ಲಿಂದ ಇಲ್ಲಿಗೋ ಬದಲಾದವರು ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಪುಕ್ಕಟೆ ಸಾಧನವನ್ನು ಸೇಫ್ ಮೋಡಿನಲ್ಲಿ ಓಡಿಸಿ ಎಲ್ಲವನ್ನೂ ಗುಡಿಸಿ, ನಂತರ ಕಂಪನಿಯ ತಾಣದಿಂದಲೇ ಹೊಸ ಡ್ರೈವರ್ ಹಾಕಬೇಕು. ಈ ಕೆಲಸ ಮುಗಿಯುವ ತನಕ ಇಂಟರ್ನೆಟ್ ಕಡಿದಿಟ್ಟರೆ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಹಳೆಯ ಡ್ರೈವರನ್ನು ನಡುವೆ ತುರುಕುವುದು ತಪ್ಪುತ್ತದೆ. ಆದರೆ ಹೊಸದೆಲ್ಲ ಒಳ್ಳೆಯದೆಂದೂ ಅಲ್ಲ. 2024ರ ಡಿಸೆಂಬರಿನಲ್ಲಿ ಎನ್‌ವಿಡಿಯಾದ ಹೊಸ ಆ್ಯಪ್ ಹಾಕಿಕೊಂಡವರಿಗೆ ಕೆಲವು ಗೇಮುಗಳಲ್ಲಿ ಶೇಕಡಾ 15ರ ತನಕ ಫ್ರೇಮ್ ಕಡಿಮೆಯಾಯಿತು. ಗೇಮಿನ ಚಿತ್ರಕ್ಕೆ ಬಣ್ಣ ಹಚ್ಚುವ ‘ಗೇಮ್ ಫಿಲ್ಟರ್’ ಎಂಬ ಸೌಲಭ್ಯ, ಯಾರೂ ಬಳಸದಿದ್ದಾಗಲೂ, ಹಿನ್ನೆಲೆಯಲ್ಲಿ ಕಾರ್ಡಿನ ಶಕ್ತಿ ತಿನ್ನುತ್ತಿತ್ತು. ಅದನ್ನು ಆಫ್ ಮಾಡಿಟ್ಟರೆ ಸರಿಹೋಗುತ್ತದೆಂದು ಕಂಪನಿಯೇ ಹೇಳಬೇಕಾಯಿತು. ಇನ್ನು, ಕಾರ್ಡ್ ಬದಲಾದ ಮೊದಲ ದಿನ ಗೇಮಿನಲ್ಲಿ ಅಲ್ಲಲ್ಲಿ ಜಗ್ಗಿದಂತಾದರೆ ತೀರ್ಪಿಗೆ ಅವಸರ ಬೇಡ. ಹಳೆಯ ಕಾರ್ಡಿಗೆಂದು ತಯಾರಿಸಿಟ್ಟ ಶೇಡರುಗಳು, ಅಂದರೆ ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮುಗಳು, ಹೊಸದಕ್ಕೆ ಉಪಯೋಗಕ್ಕೆ ಬಾರವು. ಅವು ಮತ್ತೆ ತಯಾರಾಗುವ ತನಕ ಆ ಜಗ್ಗಾಟ ಇದ್ದದ್ದೇ.

ವಿಡಿಯೊ ಎಡಿಟಿಂಗ್ ಮಾಡುವವರ ಸಮಸ್ಯೆ ಬೇರೆಯದೇ ಜಾತಿಯದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗೇಮಿನ ಸಲಹೆಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸೋನಿ, ಕ್ಯಾನನ್‌ನ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಒಳ್ಳೆಯ ಬಣ್ಣಕ್ಕೆಂದು 10 ಬಿಟ್, 4:2:2 ಎಂಬ ಬಗೆಯಲ್ಲಿ ಎಚ್‌ಇವಿಸಿ ಚಿತ್ರೀಕರಣ ಮಾಡಬಹುದು. ವೇಷಧಾರಿಯ ಮುಖವರ್ಣಿಕೆಯ ಕೆಂಪು ಹಸಿರು, ರಂಗಸ್ಥಳದ ಬೆಳಕು ಚೆನ್ನಾಗಿ ಬರಲು ಇದು ನೆರವಾಗುತ್ತದೆ. ಆದರೆ ಆ ಬಗೆಯ ಕಡತವನ್ನು ಬಿಚ್ಚುವ ವಿಶೇಷ ಸರ್ಕ್ಯೂಟ್ ಎನ್‌ವಿಡಿಯಾದ ಆರ್‌ಟಿಎಕ್ಸ್ 30, 40 ಸರಣಿಗಳಲ್ಲಿ ಇಲ್ಲವೇ ಇಲ್ಲ. ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅತ್ತ ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯಿಂದೀಚಿನ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಈ ಕೆಲಸವನ್ನು ಸರಾಗವಾಗಿ ಮಾಡುತ್ತದೆ.

ಈಗ ನಡೆಯುವುದು ನೋಡಿ. ಎಡಿಟರ್ ಹೊಸ ಕಾರ್ಡ್ ಹಾಕುತ್ತಾರೆ. ಬೇರೆ ಕಾರ್ಡ್ ಬಂತೆಂದು ಕಂಡ ಮದರ್‌ಬೋರ್ಡ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ತಾನಾಗಿಯೇ ಮುಚ್ಚಿಬಿಡುತ್ತದೆ. ಕೆಲವು ಬೋರ್ಡುಗಳ ಸ್ವಭಾವವೇ ಹಾಗೆ. ನಿನ್ನೆಯ ತನಕ ಕಡತ ಬಿಚ್ಚುತ್ತಿದ್ದ ಕೈ ಇಂದು ಇಲ್ಲ, ಹೊಸ ಕಾರ್ಡಿಗೆ ಆ ವಿದ್ಯೆ ಬರುವುದಿಲ್ಲ, ಇಡೀ ಭಾರ ಪ್ರೊಸೆಸರಿನ ಕೋರುಗಳ ಮೇಲೆ. ಟೈಮ್‌ಲೈನ್ ಹಿಂದಿಗಿಂತ ಹೆಚ್ಚು ಜಗ್ಗುತ್ತದೆ. ಕಾರ್ಡ್ ಹಾಕಿದ್ದರಿಂದಲೇ ನಿಧಾನವಾಯಿತೆಂಬ ದೂರು ಅಕ್ಷರಶಃ ನಿಜ, ಆದರೂ ಕಾರ್ಡ್ ಕೆಟ್ಟಿಲ್ಲ! ಬಯಾಸ್‌ಗೆ ಹೋಗಿ ‘ಮಲ್ಟಿ ಮಾನಿಟರ್’ ಅಥವಾ ‘ಇಂಟರ್ನಲ್ ಗ್ರಾಫಿಕ್ಸ್’ ಎಂಬ ಆಯ್ಕೆಯನ್ನು ಚಾಲೂ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದ ಪ್ರಿಫರೆನ್ಸಿನಲ್ಲಿ ಇಂಟೆಲ್ ಡಿಕೋಡಿಂಗ್ ಆರಿಸಿದರೆ ಎರಡೂ ಕೈಗಳು ದುಡಿಯತೊಡಗುತ್ತವೆ: ಕಡತ ಬಿಚ್ಚಲು ಇಂಟೆಲ್, ಬಣ್ಣ ತಿದ್ದಲು ಎನ್‌ವಿಡಿಯಾ. ಮಾದರಿಯ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಪ್ರೊಸೆಸರುಗಳಲ್ಲಿ ಆ ಒಳ ಗ್ರಾಫಿಕ್ಸೇ ಇಲ್ಲ. ಸ್ವಲ್ಪ ದುಡ್ಡು ಉಳಿಸಲು ಎಡಿಟರುಗಳು ಅದನ್ನು ಕೊಳ್ಳದಿರುವುದು ಮೇಲು. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ರೆಂಡರರ್ ‘ಸಾಫ್ಟ್‌ವೇರ್ ಓನ್ಲಿ’ ಆಗಿ ಉಳಿದಿದೆಯೇ ಎಂದೂ ನೋಡಬೇಕು. ಇದ್ದರೆ ಎನ್‌ವಿಡಿಯಾ ಕಾರ್ಡನ್ನು ಬಳಸುವ ‘ಕುಡಾ’ಗೆ ಬದಲಿಸಬೇಕು. ಕುಡಾ ಕೆಲಸ ಟಾಸ್ಕ್ ಮ್ಯಾನೇಜರಿನ ‘ತ್ರೀಡಿ’ ಗ್ರಾಫಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಅಲ್ಲಿಯ ಸಣ್ಣ ಅಂಕಿ ನೋಡಿ ಕಾರ್ಡ್ ಮಲಗಿದೆ ಎಂದುಕೊಳ್ಳುವುದೂ ತಪ್ಪಾದೀತು.

ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿಗಳಿಗೆ ಒಂದೇ ಮಾತು ಸಾಕು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಡಿ 35 ವ್ಯಾಟಿನಿಂದ 115 ವ್ಯಾಟಿನ ತನಕದ ಲ್ಯಾಪ್‌ಟಾಪ್ ಚಿಪ್ಪುಗಳಿವೆ. ತೆಳ್ಳಗಿನ ಲ್ಯಾಪ್‌ಟಾಪಿನ 4060 ದಪ್ಪನೆಯದರ 4060ಗೆ ಸಮನಾಗದು. ಕೊಳ್ಳುವ ಮುನ್ನ ಕೇಳಬೇಕಾದ್ದು ಆ ವ್ಯಾಟನ್ನು. ಕೊಂಡ ಮೇಲೆ ಮಾಡಬೇಕಾದ್ದು ಚಾರ್ಜರ್ ಚುಚ್ಚಿಯೇ ಭಾರದ ಕೆಲಸ ಮಾಡುವುದು.

ಹಾಗಾದರೆ ಕಾರ್ಡಿನದೇ ತಪ್ಪಿರುವುದಿಲ್ಲವೇ? ಇರುತ್ತದೆ, ದೊಡ್ಡ ಕಂಪನಿಗಳಿಂದಲೂ ಆಗಿದೆ. 2014ರಲ್ಲಿ 4 ಜಿಬಿಯದೆಂದು ಬಂದ ಜಿಟಿಎಕ್ಸ್ 970ರಲ್ಲಿ ಕೊನೆಯ ಅರ್ಧ ಜಿಬಿ ಬಹಳ ನಿಧಾನದ್ದೆಂದು 2015ರ ಜನವರಿಯಲ್ಲಿ ಬಯಲಾಯಿತು. ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದದ್ದರಿಂದ ಎನ್‌ವಿಡಿಯಾ ಕಾರ್ಡಿಗೆ 30 ಡಾಲರಿನಂತೆ ಕೊಡಲು ಒಪ್ಪಬೇಕಾಯಿತು. 2025ರ ಫೆಬ್ರುವರಿಯಲ್ಲಿ ಆರ್‌ಟಿಎಕ್ಸ್ 5090ರ ಕೆಲವು ಕಾರ್ಡುಗಳಲ್ಲಿ 176 ಇರಬೇಕಾದ ‘ಆರ್‌ಒಪಿ’ ಘಟಕಗಳು 168 ಮಾತ್ರ ಇದ್ದದ್ದನ್ನು ಬಳಕೆದಾರರೇ ಜಿಪಿಯು-ಝಡ್‌ನಲ್ಲಿ ಕಂಡುಹಿಡಿದರು. ಶೇಕಡಾ 0.5ಕ್ಕಿಂತ ಕಡಿಮೆ ಕಾರ್ಡುಗಳಲ್ಲಿ ಈ ಕೊರತೆಯಿದೆ, ಸರಾಸರಿ ಶೇಕಡಾ 4ರಷ್ಟು ವೇಗ ಕಡಿಮೆಯಾಗುತ್ತದೆ ಎಂದು ಕಂಪನಿ ಒಪ್ಪಿ ಬದಲಿ ಕೊಡಿಸಿತು.

ನಮ್ಮ ಊರಿನ ಜೇಬಿಗೆ ಹತ್ತಿರದ ಉದಾಹರಣೆಗಳೂ ಇವೆ. ಜಿಟಿ 1030 ಎಂಬ ಪುಟ್ಟ ಕಾರ್ಡ್ 2017ರಲ್ಲಿ ಬಂದಾಗ ಅದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಆವೃತ್ತಿ ಬಂತು, ಅದರ ಸಾಗಾಟ 16.8 ಜಿಬಿ ಮಾತ್ರ. ಪೆಟ್ಟಿಗೆಯ ಮೂಲೆಯ ಸಣ್ಣಕ್ಷರ ಓದದವರ ಪಾಲಿಗೆ ಬಂದದ್ದು ಸರಿಸುಮಾರು ಅರ್ಧ ವೇಗದ ಕಾರ್ಡ್. ಆರ್‌ಎಕ್ಸ್ 580ರಲ್ಲಿ ಇರಬೇಕಾದ 2304 ಶೇಡರ್ ಘಟಕಗಳ ಬದಲು 2048 ಇರುವ ರೂಪವೂ ಅದೇ ಹೆಸರಿನಲ್ಲಿ ಓಡಾಡುತ್ತಿದೆ. ಇನ್ನು ಅಪ್ಪಟ ಮೋಸ: 2010, 2011ರ ಕಾಲದ ಹಳೆಯ ಚಿಪ್ಪಿಗೆ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಹೆಸರು ಕೊಟ್ಟು ಮಾರುವುದು. ವಿಂಡೋಸ್ ಅದನ್ನು ನಂಬುತ್ತದೆ. ಜಿಪಿಯು-ಝಡ್ 2018ರಿಂದ ಇಂಥವನ್ನು ಗುರುತಿಸಿ ಹೆಸರಿನ ಆರಂಭದಲ್ಲೇ ‘ಫೇಕ್’ ಎಂದು ತೋರಿಸುತ್ತದೆ. ಕಾರ್ಡ್ ಕೂರಿಸಿದ ಮೊದಲ ಗಂಟೆಯಲ್ಲೇ ಈ ತಂತ್ರಾಂಶದ ಮೊದಲ ಪುಟ ತೆರೆದು, ಮೆಮೊರಿಯ ಬಗೆ, ಘಟಕಗಳ ಸಂಖ್ಯೆ, ಲೇನುಗಳನ್ನು ಕಂಪನಿಯ ತಾಣದ ಅಂಕಿಯೊಂದಿಗೆ ಹೋಲಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಸಾಧ್ಯವಾದರೆ ಅದೇ ಕಾರ್ಡನ್ನು ಗೆಳೆಯರ ಹೊಸ ಕಂಪ್ಯೂಟರಿನಲ್ಲಿ ಹಾಕಿ ನೋಡಬೇಕು. ಅಲ್ಲಿ ಓಡಿದರೆ ದೋಷ ತಮ್ಮ ಯಂತ್ರದಲ್ಲಿ, ಅಲ್ಲೂ ತೆವಳಿದರೆ ಕಾರ್ಡಿನಲ್ಲಿ.

ಕಾರ್ಡಿನದೇ ದೋಷವೆಂದು ಖಾತ್ರಿಯಾದರೆ ಬದಲಿ ಕೊಡುವ ಗಡುವು ಮುಗಿಯುವ ಮುನ್ನ ಬರಹದಲ್ಲಿ ದೂರು ಹೋಗಬೇಕು, ಜತೆಗೆ ಆ ಸ್ಕ್ರೀನ್‌ಶಾಟುಗಳು, ಜಿಎಸ್‌ಟಿ ಬಿಲ್ಲು, ಕಾರ್ಡಿನ ಮೇಲಿನ ಸೀರಿಯಲ್ ನಂಬರಿನ ಫೋಟೊ. ಮಾರಿದವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಆಯೋಗವಿದೆ. ಹಿಂದಿನ ಕಾನೂನಿನಂತೆ ಮಾರಾಟಗಾರ ಇರುವ ಕಡೆಗೋ ವ್ಯವಹಾರ ನಡೆದ ಕಡೆಗೋ ಓಡಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕಾರ್ಡ್ ಬೆಂಗಳೂರಿನಿಂದ ಬಂದಿರಲಿ, ದಿಲ್ಲಿಯ ಗೋದಾಮಿನಿಂದ ಬಂದಿರಲಿ, ಪೆರ್ಡೂರಿನವರ ದೂರನ್ನು ಉಡುಪಿ ಜಿಲ್ಲಾ ಆಯೋಗವೇ ಕೇಳುತ್ತದೆ. ಐದು ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ.